ಮಣ್ಣಿನೊಳಗಿನ ಮಲಗುವ ಮನೆ

ಸಮಸ್ತ ಮೃತ ವಿಶ್ವಾಸಿಗಳ ಸ್ಮರಣೆಯ ದಿನಕ್ಕೊಂದು ಚಿಂತನೆ



ನವೆಂಬರ್ 2 ಬಂತೆಂದರೆ ನಮ್ಮ ಸಮಾಧಿತೋಟಗಳಿಗೆ ಜೀವ ಬರುತ್ತದೆ. ವರ್ಷವಿಡೀ ಪಾರ್ಥೇನಿಯಂ ಬೆಳೆದು ನಿಂತ ಜಾಗವನ್ನು ಯುವಕರು ಕುಡುಗೋಲು ಹಿಡಿದು ಸವರುತ್ತಾರೆ. ಗೋರಿಗಳಿಗೆ ಸುಣ್ಣ ಬೀಳುತ್ತದೆ. ಚೆಂಡುಹೂ, ಸೇವಂತಿಗೆ, ಮೇಣದ ಬತ್ತಿ, ಊದುಬತ್ತಿಗಳೊಂದಿಗೆ ಮನೆಮಂದಿಯೆಲ್ಲ ಬರುತ್ತಾರೆ. ಬಲಿಪೂಜೆಯ ನಂತರ ಗುರುಗಳು ತೀರ್ಥ ಚಿಮುಕಿಸುತ್ತ ಸಾಲುಸಾಲಾಗಿ ನಡೆದು ಬರುವಾಗ, 'ಫಾದರ್, ಇಲ್ಲೂ ಒಂಚೂರು' ಎಂದು ಕರೆಯುವ ದನಿಗಳು ಎಲ್ಲ ಕಡೆಯಿಂದ ಕೇಳಿಬರುತ್ತವೆ. ಹಾಗೆ ಕರೆಯುವವರಿಲ್ಲದ ಗೋರಿಗಳೂ ಅಲ್ಲಿರುತ್ತವೆ. ಈ ಬರಹ ಅವುಗಳ ಕುರಿತಾದದ್ದು.

ಕೆಲವು ವರ್ಷಗಳ ಹಿಂದೆ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಕಡೆ, ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಗೆ ಪರಮಪ್ರಸಾದ ಕೊಡಲು ಹೋಗಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಅಜ್ಜಿ ನನ್ನ ಕೈ ಹಿಡಿದು ಕೇಳಿದರು:

"ಸ್ವಾಮಿ, ನನ್ನನ್ನ ಎಲ್ಲಿ ಮಣ್ಣು ಮಾಡ್ತೀರ?"

"ಆ ಮಾತು ಈಗ್ಯಾಕೆ ಅಜ್ಜಿ?" ಎಂದೆ.

"ಹಂಗಲ್ಲ ಸ್ವಾಮಿ. ನಮ್ಮೆಜಮಾನ್ರನ್ನ ಮಲಗಿಸಿದ್ದ ಕಡೆ ಈಗ ಬೇರೆಯೋರ ಕಟ್ಟೆ ಎದ್ದೈತೆ. ನಾನು ಎಲ್ಲಿ ಮಲಗ್ಲಿ?"

ನೋಡೋಣ ಎಂದು ಹೇಳಿ ಎದ್ದು ಬಂದೆ. ಹಿಂದಿರುಗುವಾಗ ನನ್ನ ಬೈಕಿನ ಹಿಂದೆ ಕುಳಿತಿದ್ದ ಪೀಠಬಾಲಕ, ಅಜ್ಜಿಯ ಮಾತಿನಿಂದಲೋ ಏನೋ ನೆನಪಾಗಿ, ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದ ಪದವೊಂದನ್ನು ಎತ್ತಿದ. "ಫಾದರ್, ಕ್ಯಾಟಕೂಂಬ್ ಅಂದ್ರೆ ಕ್ರೈಸ್ತರು ಬಚ್ಚಿಟ್ಟುಕೊಳ್ತಿದ್ದ ಜಾಗ ಅಲ್ವಾ? ಆ ಹೆಸರಿಗೆ ಏನರ್ಥ?"

ಒಂದೇ ದಿನ ಎರಡು ಪ್ರಶ್ನೆಗಳು. ಹುಡುಗನಿಗೆ ಏನೋ ಒಂದು ಉತ್ತರ ಹೇಳಿದೆ. ಅಜ್ಜಿಗೆ ಹೇಳಲಿಲ್ಲ. ಎರಡೂ ಒಂದೇ ಪ್ರಶ್ನೆ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಊರ ಹೆಸರು, ಗೋರಿಯ ಹೆಸರು

ದೇವರಾಯಸಮುದ್ರದಲ್ಲಿ ಸಮುದ್ರವಿಲ್ಲ. ಬಂಡೆಗುಡ್ಡಗಳ ಆ ಬಯಲುಸೀಮೆಯಲ್ಲಿ ಮಳೆಯ ನೀರನ್ನು ಹಿಡಿದಿಡಲು ಕಟ್ಟಿಸಿದ ದೊಡ್ಡ ಕೆರೆಗಳಿಗೆ ನಮ್ಮ ಹಿರಿಯರು 'ಸಮುದ್ರ' ಎಂದು ಹೆಸರಿಟ್ಟರು. ದೇವರಾಯ ಎಂಬುದು ವಿಜಯನಗರದ ಅರಸರ ಹೆಸರು. ಹೀಗೆ ಒಂದು ಊರಿನ ಹೆಸರೊಳಗೆ ಅರಸನ ನೆನಪೂ ಇದೆ, ನೀರಿಗಾಗಿ ಜನರು ಹೊತ್ತ ಆಸೆಯೂ ಇದೆ. ಸತ್ತವರನ್ನು ಇಡುವ ಜಾಗದ ಹೆಸರೂ ಹಾಗೆಯೇ. ಆ ಹೆಸರನ್ನು ಬಿಡಿಸಿ ನೋಡಿದರೆ ಇಟ್ಟವರು ಸಾವನ್ನು ಏನೆಂದು ತಿಳಿದಿದ್ದರು ಎಂಬುದು ಗೊತ್ತಾಗುತ್ತದೆ.

ನಮ್ಮ ನಾಡಿನಲ್ಲಿ ನೆಲದೊಳಗೆ ಕಲ್ಲಿನ ಕೋಣೆ ಮಾಡಿ ಸತ್ತವರನ್ನು ಇಡುವ ಪದ್ಧತಿ ಯೇಸುಸ್ವಾಮಿಯವರ ಜನನಕ್ಕಿಂತ ನೂರಾರು ವರ್ಷ ಹಳೆಯದು. ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿ, ಸುತ್ತ ಗುಂಡುಕಲ್ಲುಗಳ ವರ್ತುಲ ಹೂಡುತ್ತಿದ್ದರು. ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆಯುವುದೂ ಉಂಟು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ವಜ್ಞರು ಇಂಥ ಗೋರಿಗಳನ್ನು ಅಗೆಸಿದಾಗ ಎಲುಬುಗಳ ಜೊತೆ ಮಡಕೆಗಳೂ ಕಬ್ಬಿಣದ ಉಪಕರಣಗಳೂ ದೊರೆತವು. ನಮಗೆ ಇನ್ನೂ ಹತ್ತಿರದ, ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿಯೂ 1957ರಲ್ಲಿ ಇಂತಹ ಬೃಹತ್ ಶಿಲಾಯುಗದ ಗೋರಿಗಳ ಉತ್ಖನನ ನಡೆಯಿತು.

ಆದರೆ ಇವನ್ನು ಜನರು ಗೋರಿ ಎಂದು ಕರೆಯಲಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ನೂರಾರು ಕಲ್ಮನೆಗಳಿರುವ ಬೆಟ್ಟಕ್ಕೆ ಮೋರಿಯರ ಗುಡ್ಡ ಎಂದು ಹೆಸರು. ಮೋರಿಯರೆಂಬ ಕುಳ್ಳ ಜನ ಅಲ್ಲಿ ವಾಸವಾಗಿದ್ದರೆಂದು ಕಥೆ. ಬೇರೆಡೆ ಇವೇ 'ಪಾಂಡವರ ಮನೆ', 'ಪಾಂಡವರ ಗುಡಿ'. ಕಟ್ಟಿದವರ ಮಕ್ಕಳು ಮೊಮ್ಮಕ್ಕಳು ಅಲ್ಲಿಂದ ಹೋದರು. ಅಲ್ಲಿ ಮಲಗಿದವರ ಹೆಸರು ಹೇಳುವವರಿಲ್ಲವಾದರು. ಬಳಿಕ ಬಂದವರು ತಮಗೆ ಗೊತ್ತಿದ್ದ ದೊಡ್ಡ ಹೆಸರನ್ನು ಆ ಕಲ್ಲುಗಳಿಗೆ ಕೊಟ್ಟರು. ಹೆಸರು ಹೇಳುವವರಿಲ್ಲದಿದ್ದರೆ ಗೋರಿಯೂ ಬೇರೆಯವರದಾಗುತ್ತದೆ.

ಇನ್ನು ನಾವು ಬಳಸುವ ಪದಗಳನ್ನು ನೋಡೋಣ. ಗಡಿಸೀಮೆಯ ತಮಿಳು ಮನೆಮಾತಿನ ಕುಟುಂಬಗಳು ಗೋರಿಗೆ 'ಕಲ್ಲರೈ' ಎನ್ನುತ್ತಾರೆ. ಕಲ್ಲಿನ ಕೋಣೆ ಎಂದೇ ಅದರ ಅರ್ಥ. 'ಶ್ಮಶಾನ' ಎಂಬ ಸಂಸ್ಕೃತ ಪದವನ್ನು ಪ್ರಾಚೀನ ನಿರುಕ್ತಕಾರನಾದ ಯಾಸ್ಕನು ಶರೀರ ಮಲಗುವ ಸ್ಥಳ ಎಂದು ಬಿಡಿಸಿದ್ದಾನೆ. ನಮ್ಮ 'ಮಸಣ' ಅದರ ತದ್ಭವ. ಅಜ್ಜಿಯ ಬಾಯಲ್ಲಿಯೂ ಇದೇ ಎರಡು ಮಾತುಗಳು ಅಕ್ಕಪಕ್ಕದಲ್ಲಿ ಬಂದಿದ್ದವು: ಮಣ್ಣು ಮಾಡುವುದು, ಮಲಗಿಸುವುದು.

ಕ್ಯಾಟಕೂಂಬ್ ಎಂಬ ವಿಳಾಸ

ರೋಮ್ ನಗರದ ಹಳೆಯ ಕಾನೂನಿನಂತೆ ಊರ ಗೋಡೆಯೊಳಗೆ ಹೆಣ ಹೂಳುವಂತಿರಲಿಲ್ಲ. ಹೀಗಾಗಿ ಊರಿಂದ ಹೊರಡುವ ಹೆದ್ದಾರಿಗಳ ಇಕ್ಕೆಲಗಳೇ ಗೋರಿಗಳ ಜಾಗವಾದವು. ದಕ್ಷಿಣಕ್ಕೆ ಹೋಗುವ ಆಪ್ಪಿಯ ಹೆದ್ದಾರಿಯ ಮೂರನೆಯ ಮೈಲಿಯ ಬಳಿ ನೆಲ ತಗ್ಗಾಗಿತ್ತು. ಅಲ್ಲಿ ಮಣ್ಣು ಕಲ್ಲು ತೆಗೆದ ಹಳ್ಳಗಳಿದ್ದವು. ಆ ಜಾಗವನ್ನು 'ಆದ್ ಕತಕುಂಬಾಸ್' ಎಂದು ಕರೆಯುತ್ತಿದ್ದರು. 'ತಗ್ಗಿನ ಬಳಿ' ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಅರ್ಥ. ನಾವು 'ಹಳ್ಳದ ಹತ್ತಿರ', 'ಕೆರೆ ಕೋಡಿ ಪಕ್ಕ' ಎಂದು ಗುರುತು ಹೇಳುವುದಿಲ್ಲವೇ, ಹಾಗೆ. ಅದೊಂದು ವಿಳಾಸ ಮಾತ್ರ. ಸಂತ ಸೆಬಾಸ್ಟಿಯನ್ನರ ಸಮಾಧಿ ಇರುವುದು ಅಲ್ಲಿಯೇ. ಕಾಲಾನಂತರದಲ್ಲಿ ರೋಮಿನ ಸುತ್ತಲ ಉಳಿದ ನೆಲದಡಿಯ ಸಮಾಧಿಗಳೆಲ್ಲ ಮರೆತುಹೋದರೂ ಯಾತ್ರಿಕರು ಇಲ್ಲಿಗೆ ಬರುವುದು ನಿಲ್ಲಲಿಲ್ಲ. ಆದ್ದರಿಂದ ಈ ಒಂದು ಜಾಗದ ಗುರುತೇ ಎಲ್ಲ ಭೂಗತ ಸಮಾಧಿಗಳ ಹೆಸರಾಯಿತು.

ಹಾಗಾದರೆ ಅಲ್ಲಿ ತಮ್ಮವರನ್ನು ಮಲಗಿಸಿದ ಕ್ರೈಸ್ತರು ಅದನ್ನು ಏನೆಂದು ಕರೆದರು? 'ಕೊಯ್‌ಮೆತೇರಿಯೋನ್'. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಮಲಗುವ ಕೋಣೆ, ನಿದ್ರಿಸುವ ಜಾಗ ಎಂದರ್ಥ. ನಾವು ದಿನವೂ ಹೇಳುವ 'ಸಿಮೆಟ್ರಿ' ಹುಟ್ಟಿದ್ದು ಈ ಪದದಿಂದಲೇ. ಅದೇ ಕಾಲದ ಶ್ರೀಮಂತರು ಹೆಣವಿಡಲು ಕೊರೆಸುತ್ತಿದ್ದ ಕಲ್ಲಿನ ತೊಟ್ಟಿಗೆ 'ಸಾರ್ಕೊಫಾಗಸ್' ಎಂದು ಹೆಸರು. ಮಾಂಸ ತಿನ್ನುವ ಕಲ್ಲು ಎಂದು ಅದರ ಅರ್ಥ. ಒಂದು ಹೆಸರಿನಲ್ಲಿ ಸಾವು ತಿಂದುಹಾಕುತ್ತದೆ. ಇನ್ನೊಂದರಲ್ಲಿ ಸತ್ತವರು ಮಲಗಿದ್ದಾರೆ, ಬೆಳಗಾದರೆ ಎದ್ದೇಳುತ್ತಾರೆ. ಯಾಯೀರನ ಮಗಳು ನಿದ್ರಿಸುತ್ತಿದ್ದಾಳೆ ಎಂದು ಪ್ರಭು ಹೇಳಿದಾಗ ನೆರೆದವರು ನಕ್ಕರು. ಗೆಳೆಯ ಲಾಜರನನ್ನು ಕುರಿತೂ ಅವರು ಹಾಗೆಯೇ ಹೇಳಿದರು. ಆ ಮಾತನ್ನು ನಂಬಿದವರು ತಮ್ಮ ಗೋರಿಗಳಿಗೂ ಅದೇ ಹೆಸರಿಟ್ಟರು.

ಗೋರಿಯ ಕಲ್ಲುಗಳ ಮೇಲೆ ಇನ್ನೊಂದು ಪದ ಮತ್ತೆ ಮತ್ತೆ ಕಾಣುತ್ತದೆ: 'ದೆಪೋಸಿತಿಯೋ'. ಲತೀನ್ ಭಾಷೆಯ ಈ ಪದವೇ ನಮ್ಮ ಬ್ಯಾಂಕುಗಳ 'ಡೆಪಾಸಿಟ್'. ಹಿಂದಕ್ಕೆ ಪಡೆಯುವ ಭರವಸೆಯಿಂದ ಒಬ್ಬರ ವಶಕ್ಕೆ ಒಪ್ಪಿಸಿದ್ದು, ಅಂದರೆ ಠೇವಣಿ. ಭೂಮಿಯಲ್ಲಿಟ್ಟ ಈ ಠೇವಣಿಗೆ ಒಡೆಯರು ಪ್ರಭು. ಕಾವಲಿರುವುದಷ್ಟೇ ನಮ್ಮ ಪಾಲಿನ ಕೆಲಸ.

ಬಚ್ಚಿಟ್ಟುಕೊಳ್ಳುವ ಜಾಗವಲ್ಲ

ಪೀಠಬಾಲಕನ ತಪ್ಪುಕಲ್ಪನೆ ನಮ್ಮಲ್ಲಿ ಬಹಳ ಮಂದಿಗೆ ಇದೆ. ಚಲನಚಿತ್ರಗಳೂ ಕಾದಂಬರಿಗಳೂ ಅದನ್ನು ಬೆಳೆಸಿವೆ. ಕ್ರೈಸ್ತರು ಅಲ್ಲಿ ವಾಸ ಮಾಡಲಿಲ್ಲ. ಅದು ಗುಟ್ಟಿನ ಜಾಗವೂ ಆಗಿರಲಿಲ್ಲ, ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಚಕ್ರವರ್ತಿ ವಲೇರಿಯನ್ 257ರಲ್ಲಿ ಕ್ರೈಸ್ತರು ಅಲ್ಲಿಗೆ ಕಾಲಿಡಬಾರದೆಂದು ಆಜ್ಞೆ ಹೊರಡಿಸಿದ. ಮರುವರ್ಷ ಆಗಸ್ಟ್ 6ರಂದು ಪೋಪ್ ಸಂತ ಎರಡನೆಯ ಸಿಕ್ಸ್ತುಸರು ಸಮಾಧಿ ಸ್ಥಳದಲ್ಲಿಯೇ ಉಪಯಾಜಕರೊಂದಿಗೆ ಹತರಾದರು. ನಾಲ್ಕು ದಿನಗಳ ನಂತರ ಸಂತ ಲಾರೆನ್ಸರು ಪ್ರಾಣ ಕೊಟ್ಟರು. ಸತ್ತವರನ್ನು ನೆನೆಯಲು ಹೋಗುವುದಕ್ಕೂ ಅಂದು ಪ್ರಾಣದ ಬೆಲೆ ಇತ್ತು.

ಅಲ್ಲಿನ ನೆಲ 'ತೂಫಾ' ಎಂಬ ಜ್ವಾಲಾಮುಖಿಯ ಬೂದಿಕಲ್ಲು. ಅಗೆಯುವಾಗ ಮೆತ್ತಗೆ, ಗಾಳಿ ತಾಕಿದ ಮೇಲೆ ಗಟ್ಟಿ. ಅಗೆಯುವವರಿಗೆ ಫೊಸ್ಸೋರ್‌ಗಳೆಂದು ಹೆಸರು. ಎಣ್ಣೆಯ ದೀಪ ತೂಗುಹಾಕಿಕೊಂಡು, ಗುದ್ದಲಿಯಿಂದ ಕಡಿದು, ಬುಟ್ಟಿಗಳಲ್ಲಿ ಮಣ್ಣು ಹೊತ್ತು ಮೇಲಕ್ಕೆ ಸಾಗಿಸುತ್ತಿದ್ದರು. ಇಕ್ಕಟ್ಟಾದ ಓಣಿಗಳ ಎರಡೂ ಗೋಡೆಗಳಲ್ಲಿ, ರೈಲಿನ ಸ್ಲೀಪರ್ ಬರ್ತುಗಳಂತೆ, ಒಂದರ ಮೇಲೊಂದು ಗೂಡು ಕೊರೆಯುತ್ತಿದ್ದರು. ಹೆಣವನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು ಇಟ್ಟಿಗೆ ಹೆಂಚುಗಳಿಂದಲೋ ಕಲ್ಲಿನ ಹಲಗೆಯಿಂದಲೋ ಮುಚ್ಚುತ್ತಿದ್ದರು. ಸಂತ ಕಲ್ಲಿಸ್ತುಸರ ಹೆಸರಿನ ಕ್ಯಾಟಕೂಂಬಿನಲ್ಲಿ ಹೀಗೆ ಸುಮಾರು 20 ಕಿಲೋಮೀಟರ್ ಓಣಿಗಳಿವೆ. ನಾಲ್ಕು ಅಂತಸ್ತುಗಳಾಗಿ 20 ಮೀಟರಿಗೂ ಕೆಳಕ್ಕೆ ಇಳಿದಿವೆ.

ಕೋಲಾರದ ನಮಗೆ ಈ ದೃಶ್ಯ ಅಪರಿಚಿತವಲ್ಲ. ಚಿನ್ನದ ಗಣಿಗಳಲ್ಲಿ ತಲೆಗೆ ದೀಪ ಕಟ್ಟಿಕೊಂಡು ನೆಲದಡಿಗೆ ಇಳಿದ ಹಿರಿಯರ ಮಕ್ಕಳು ಮೊಮ್ಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. 2001ರಲ್ಲಿ ಗಣಿಗಳು ಮುಚ್ಚಿದವು. ಬಂಡೆ ಸಿಡಿದು ಕೆಳಗೇ ಜೀವ ಬಿಟ್ಟವರ ಕಥೆಗಳು ಇನ್ನೂ ಆ ಮನೆಗಳಲ್ಲಿವೆ. ಗಣಿಗೆ ಇಳಿದವನು ಮೇಲೆ ಬರುವ ತನಕ ಮನೆಯವರಿಗೆ ಅನ್ನ ಇಳಿಯದು ಎಂಬ ಮಾತನ್ನು ಬಲ್ಲವರಿಗೆ ನಾನು ಈಗ ಹೇಳುವ ಸಂತರು ಹತ್ತಿರದವರೆನಿಸಬಹುದು.

ಗಣಿಯಿಂದ ಬಂದ ಸಂತರು

ಅಕ್ಟೋಬರ್ 14ರಂದು ನಾವು ನೆನೆಯುವ ಸಂತ ಕಲ್ಲಿಸ್ತುಸರು ಹುಟ್ಟಿನಿಂದ ದೊಡ್ಡವರಲ್ಲ. ಕಾರ್ಪೊಫೊರುಸ್ ಎಂಬ ಧಣಿಯ ಗುಲಾಮ. ಧಣಿ ಅವರಿಂದ ಲೇವಾದೇವಿಯ ವ್ಯವಹಾರ ಮಾಡಿಸಿದ. ವಿಧವೆಯರೂ ಬಡ ವಿಶ್ವಾಸಿಗಳೂ ಠೇವಣಿ ಇಟ್ಟ ಹಣ ಮುಳುಗಿತು. ಕಲ್ಲಿಸ್ತುಸ್ ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದರು. ಮುಂದೆ ಒಂದು ಗಲಭೆಯ ಕಾರಣ ಶಿಕ್ಷೆಗೆ ಗುರಿಯಾಗಿ ಸಾರ್ದೀನಿಯಾ ದ್ವೀಪದ ಗಣಿಗೆ ತಳ್ಳಲ್ಪಟ್ಟರು. ಇದನ್ನೆಲ್ಲ ಬರೆದಿಟ್ಟವನು ಅವರ ಕಡು ವಿರೋಧಿಯಾಗಿದ್ದ ರೋಮಿನ ಯಾಜಕ. ಆದ್ದರಿಂದ ಒಂದಿಷ್ಟು ಕಹಿಯನ್ನು ಕಳೆದು ಓದಬೇಕು. ಆದರೂ ಗುಲಾಮಗಿರಿ, ಗಣಿ ಎರಡನ್ನೂ ಅವರು ಕಂಡವರೆಂಬುದು ನಿಜ.

ಬಿಡುಗಡೆಯಾಗಿ ಬಂದ ಅವರನ್ನು ಪೋಪ್ ಜೆಫಿರಿನುಸರು ಉಪಯಾಜಕರನ್ನಾಗಿ ಮಾಡಿ ಧರ್ಮಸಭೆಯ ಸಮಾಧಿಸ್ಥಳದ ಉಸ್ತುವಾರಿ ಒಪ್ಪಿಸಿದರು. ಯೋಚಿಸಿ: ಬಡವರ ಠೇವಣಿ ಕಳೆದುಕೊಂಡ ಆಪಾದನೆ ಹೊತ್ತವರ ಕೈಗೆ ಧರ್ಮಸಭೆ ತನ್ನ ಅತ್ಯಂತ ಬೆಲೆಬಾಳುವ ಠೇವಣಿಯನ್ನು ಕೊಟ್ಟಿತು. ಅವರು ಅದನ್ನು ಕಾಪಾಡಿದರು, ಬೆಳೆಸಿದರು. ಸುಮಾರು 217ರಲ್ಲಿ ಅವರೇ ಪೋಪ್ ಆದರು. 222ರಲ್ಲಿ ಮೃತರಾದಾಗ ಅವರನ್ನು ಮಣ್ಣು ಮಾಡಿದ್ದು ಬೇರೆ ಸಮಾಧಿಸ್ಥಳದಲ್ಲಿ. ಸತ್ತವರಿಗಾಗಿ ದುಡಿದವರ ಹೆಸರು ಆ ಜಾಗಕ್ಕೆ ಉಳಿಯಿತು, ಅವರಿಗೆ ಅಲ್ಲಿ ಗೋರಿ ಇಲ್ಲ.

ಅಂದಿನ ಪದ್ಧತಿಯೂ ಗಮನಿಸುವಂಥದ್ದು. ವಿಶ್ವಾಸಿಗಳು ತಿಂಗಳಿಗೊಮ್ಮೆ ಕೈಲಾದಷ್ಟು ಕೊಟ್ಟ ಹಣವನ್ನು ಬಡವರಿಗೆ ಉಣಬಡಿಸಲು, ಬಡವರನ್ನು ಹೂಳಲು ಬಳಸುತ್ತಿದ್ದರೆಂದು ತೆರ್ತುಲಿಯನ್ ಬರೆದಿದ್ದಾನೆ. ಕಲ್ಲಿಸ್ತುಸರ ವಿರೋಧಿಯಾಗಿದ್ದ ಹಿಪ್ಪೊಲಿತನ ಹೆಸರಿನಲ್ಲಿ ಬಂದಿರುವ ಹಳೆಯ ಧರ್ಮಸಭಾ ನಿಯಮಗಳ ಗ್ರಂಥವೊಂದು ಸಮಾಧಿಗಾಗಿ ಜನರ ಮೇಲೆ ಭಾರ ಹೊರಿಸಕೂಡದು, ಅದು ಬಡವರೆಲ್ಲರಿಗೆ ಸೇರಿದ್ದು, ಅಗೆದವನ ಕೂಲಿ ಮತ್ತು ಹೆಂಚಿನ ಬೆಲೆ ಕೊಟ್ಟರೆ ಸಾಕು ಎಂಬ ಭಾವದ ವಿಧಿಯನ್ನು ಹೇಳುತ್ತದೆ. ಬೇರೆಲ್ಲ ವಿಷಯಗಳಲ್ಲಿ ಜಗಳವಾಡಿದ ಎರಡು ಪಕ್ಷಗಳೂ ಈ ಒಂದು ಮಾತಿನಲ್ಲಿ ಒಂದಾಗಿದ್ದವು.

ಹಾಗೆಂದು ಅಂದಿನವರೆಲ್ಲ ದೇವದೂತರೇನಲ್ಲ. ಅನುಕೂಲಸ್ಥರು ಚಿತ್ರ ಬರೆಸಿದ ಪ್ರತ್ಯೇಕ ಕೋಣೆಗಳನ್ನು ಮಾಡಿಸಿಕೊಂಡರು. ನಾಲ್ಕನೆಯ ಶತಮಾನದಲ್ಲಿ ರಕ್ತಸಾಕ್ಷಿಗಳ ಪಕ್ಕದಲ್ಲೇ ಜಾಗ ಬೇಕೆಂದು ನೂಕುನುಗ್ಗಲಾಯಿತು. ಆಗ ಪೋಪ್ ಆಗಿದ್ದ ಸಂತ ದಮಾಸುಸರು ಮೂರನೆಯ ಶತಮಾನದ ಪೋಪರು ಮಲಗಿದ್ದ ಕೋಣೆಯಲ್ಲಿ ಶಿಲಾಶಾಸನ ಹಾಕಿಸಿದರು. ತಮಗೂ ಅಲ್ಲಿಯೇ ಮಲಗುವ ಆಸೆ ಇತ್ತು, ಆದರೆ ಪುಣ್ಯವಂತರ ಅಸ್ಥಿಗಳನ್ನು ಕದಲಿಸಲು ಅಂಜಿದೆ ಎಂದು ಅದರಲ್ಲಿ ಹೇಳಿಕೊಂಡಿದ್ದಾರೆ. ಧರ್ಮಸಭೆಯ ಮುಖ್ಯಸ್ಥರೇ ಬೇರೆಯವರ ಜಾಗಕ್ಕೆ ಕೈಹಾಕಲಿಲ್ಲ.

ಐದನೆಯ ಶತಮಾನದ ಹೊತ್ತಿಗೆ ಅಲ್ಲಿ ಹೂಳುವುದು ನಿಂತಿತು. ಎಂಟು ಒಂಬತ್ತನೆಯ ಶತಮಾನಗಳಲ್ಲಿ ಸಂತರ ಅಸ್ಥಿಗಳನ್ನು ನಗರದ ದೇವಾಲಯಗಳಿಗೆ ತಂದರು. ಓಣಿಗಳು ಮಣ್ಣು ಮುಚ್ಚಿ ಮರೆತುಹೋದವು. 1849ರಲ್ಲಿ ಜೊವಾನ್ನಿ ಬಾತ್ತಿಸ್ತಾ ದೆ ರೊಸ್ಸಿ ಎಂಬ ವಿದ್ವಾಂಸರಿಗೆ ದ್ರಾಕ್ಷಿತೋಟವೊಂದರಲ್ಲಿ ಒಡೆದ ಕಲ್ಲಿನ ಚೂರು ಸಿಕ್ಕಿತು. ಅದರ ಮೇಲೆ ಉಳಿದಿದ್ದುದು ಅರ್ಧ ಹೆಸರು ಮಾತ್ರ: 'ನೇಲಿಯುಸ್', ಮುಂದೆ 'ರಕ್ತಸಾಕ್ಷಿ' ಎಂಬ ಪದ. ಇದು ಪೋಪ್ ಕೊರ್ನೇಲಿಯುಸರ ಗೋರಿಯ ಕಲ್ಲಾಗಿರಬೇಕೆಂದು ಊಹಿಸಿ ಅಗೆಸುತ್ತ ಹೋದರು. ಗೋರಿ ಸಿಕ್ಕಿತು. 1854ರಲ್ಲಿ ಪೋಪರ ಕೋಣೆಯೂ ಸಿಕ್ಕಿತು. ಸಾವಿರ ವರ್ಷಗಳ ಮರೆವನ್ನು ಅರ್ಧ ಹೆಸರು ಭೇದಿಸಿತು. ಕಲ್ಲಿನ ಮೇಲೆ ಹೆಸರು ಕೆತ್ತಿದ ಆ ಕೂಲಿಯವನಿಗೆ ನಾವೆಲ್ಲ ಋಣಿಗಳು.

ನಮ್ಮ ಸಮಾಧಿತೋಟದ ಪ್ರಶ್ನೆ

ಈಗ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಅಂದು ಊರಿಗೆ ಬಂದು ಮರಣದ ರಿಜಿಸ್ಟರ್ ತೆರೆದೆ. ಅಜ್ಜಿಯ ಯಜಮಾನರ ಹೆಸರಿತ್ತು, ತಾರೀಕಿತ್ತು, ಸಾಲಿನ ಗುರುತೂ ಇತ್ತು. ನೆಲದ ಮೇಲೆ ಏನೂ ಇರಲಿಲ್ಲ. ನೆಟ್ಟಿದ್ದ ಮರದ ಶಿಲುಬೆಯನ್ನು ಗೆದ್ದಲು ತಿಂದಿತ್ತು. ಖಾಲಿ ಜಾಗವೆಂದು ತಿಳಿದು ಒಂದು ಅನುಕೂಲಸ್ಥ ಕುಟುಂಬ ಅಲ್ಲಿ ಗ್ರಾನೈಟಿನ ಕಟ್ಟೆ ಕಟ್ಟಿಸಿಕೊಂಡಿತ್ತು. ಅವರದು ತಪ್ಪೆನ್ನಲಾರೆ. ಅವರ ಅರ್ಜಿಗೆ ಒಪ್ಪಿಗೆಯ ಸಹಿ ಹಾಕಿದವನು ನಾನೇ. ಸಹಿ ಹಾಕುವ ಮುನ್ನ ರಿಜಿಸ್ಟರ್ ತೆರೆಯಬೇಕಿತ್ತು. ಐದು ನಿಮಿಷದ ಕೆಲಸ. ಮಾಡಲಿಲ್ಲ. ಸೆಮಿನರಿಯಲ್ಲಿ ಕ್ಯಾಟಕೂಂಬುಗಳ ಇತಿಹಾಸವನ್ನು ಓದಿ ಪರೀಕ್ಷೆ ಬರೆದವನು ನಾನು.

ಮುಂದಿನ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು. ಯಜಮಾನರ ಪಕ್ಕದಲ್ಲಿ ಮಲಗಿಸಲು ಜಾಗವಿರಲಿಲ್ಲ. ಕಟ್ಟೆಯ ಆಚೆ ಎರಡು ಮಾರು ದೂರದಲ್ಲಿ ಮಣ್ಣು ಮಾಡಿದೆವು. ಕಟ್ಟೆಯ ಕುಟುಂಬದ ಹಿರಿಯರಿಗೆ ವಿಷಯ ತಿಳಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ ಕಲ್ಲುಕುಟಿಗನನ್ನು ಕರೆಸಿ, ತಮ್ಮವರ ಹೆಸರುಗಳ ಕೆಳಗೆ ಅಜ್ಜಿಯ ಯಜಮಾನರ ಹೆಸರನ್ನೂ ಕೆತ್ತಿಸಿದರು. ಅವರು ದೊಡ್ಡತನ ತೋರಿಸಿದರು. ಆದರೆ ಅಜ್ಜಿ ಅದನ್ನು ನೋಡಲಿಲ್ಲ.

ಪ್ರಿಯರೇ, ಅಬ್ರಹಾಮನು ಪರದೇಶಿಯಾಗಿದ್ದಾಗ ಪತ್ನಿ ಸಾರಳನ್ನು ಹೂಳಲು 400 ಬೆಳ್ಳಿ ನಾಣ್ಯ ತೆತ್ತು ಮಕ್ಪೇಲದ ಗವಿಯನ್ನು ಕೊಂಡ. ಅಷ್ಟು ತೆರಲಾರದವರು ನಮ್ಮ ನಡುವೆ ಇದ್ದಾರೆ. ಕಲ್ಲುಕ್ವಾರಿಗಳಲ್ಲಿ, ಇಟ್ಟಿಗೆ ಗೂಡುಗಳಲ್ಲಿ ದುಡಿಯಲು ದೂರದಿಂದ ಬಂದ ಕುಟುಂಬಗಳಿವೆ. ನಮ್ಮ ಪ್ರಭುವಿಗೂ ಸ್ವಂತ ಗೋರಿ ಇರಲಿಲ್ಲ, ಅರಿಮತಾಯದ ಜೋಸೆಫ ತನ್ನದನ್ನು ಬಿಟ್ಟುಕೊಟ್ಟ. ಜಾಗ ಕಡಿಮೆ ಎಂಬುದು ನಿಜ. ಹಳೆಯ ಗೋರಿಗಳಲ್ಲಿಯೇ ಮತ್ತೆ ಹೂಳಬೇಕಾಗುವುದೂ ನಿಜ. ಆದರೆ ಯಾರನ್ನು ಎಲ್ಲಿ ಮಲಗಿಸಿದೆವೆಂಬ ಲೆಕ್ಕ ತಪ್ಪಬಾರದು. ಉಳ್ಳವರಿಗೊಂದು ಮೂಲೆ, ಇಲ್ಲದವರಿಗೊಂದು ಮೂಲೆ, ಈ ಕುಲಕ್ಕೊಂದು ಸಾಲು, ಆ ಕುಲಕ್ಕೊಂದು ಸಾಲು ಎಂಬುದು ಎಲ್ಲಾದರೂ ಉಳಿದಿದ್ದರೆ ಅಲ್ಲಿ ಸಿಮೆಟ್ರಿ ಎಂಬ ಹೆಸರನ್ನು ಬಳಸುವ ಹಕ್ಕು ನಮಗಿಲ್ಲ. ಒಂದೇ ಮನೆಯ ಮಕ್ಕಳು ಒಂದೇ ಕೋಣೆಯಲ್ಲಿ ಮಲಗುತ್ತಾರೆ. ನಡುವೆ ಗೋಡೆ ಹಾಕಿಸಿಕೊಳ್ಳುವುದಿಲ್ಲ.

ಈ ನವೆಂಬರ್ 2ಕ್ಕೆ ಒಂದು ಚಿಕ್ಕ ಕೆಲಸ ಮಾಡೋಣ. ನಿಮ್ಮವರ ಗೋರಿಗೆ ಸುಣ್ಣ ಬಳಿದ ಮೇಲೆ ಡಬ್ಬದಲ್ಲಿ ಒಂದಿಷ್ಟು ಉಳಿಸಿಕೊಳ್ಳಿ. ಪಕ್ಕದಲ್ಲಿ ಯಾರೂ ಬಾರದ ಗೋರಿ ಇದ್ದರೆ ಅದಕ್ಕೂ ಬಳಿಯಿರಿ, ಒಂದು ಬತ್ತಿ ಹಚ್ಚಿ. ಅಲ್ಲಿರುವವರು ಯಾರೆಂದು ಗೊತ್ತಿಲ್ಲದಿದ್ದರೆ ಧರ್ಮಕೇಂದ್ರದ ಕಚೇರಿಗೆ ಬನ್ನಿ. ರಿಜಿಸ್ಟರ್ ತೆರೆದು ಹುಡುಕೋಣ. ಸಿಕ್ಕ ಹೆಸರನ್ನು ಒಂದು ಹಲಗೆಯ ಮೇಲೆ ಬಣ್ಣದಲ್ಲಿ ಬರೆದು ನೆಡೋಣ. ಈಚೆಗೆ ಯಾವ ಅರ್ಜಿಗೂ ನಾನು ರಿಜಿಸ್ಟರ್ ನೋಡದೆ ಸಹಿ ಹಾಕುವುದಿಲ್ಲ.

ನಮ್ಮ ವಶಕ್ಕೆ ಒಪ್ಪಿಸಿದ ಠೇವಣಿಯನ್ನು ಪ್ರಭು ಒಂದು ದಿನ ಹಿಂದಕ್ಕೆ ಕೇಳುತ್ತಾರೆ. ಮಲಗಿರುವವರನ್ನು ಹೆಸರು ಹಿಡಿದು ಎಬ್ಬಿಸುತ್ತಾರೆ. ಅವರಿಗೆ ಎಲ್ಲರ ಹೆಸರೂ ಗೊತ್ತು. ಅಲ್ಲಿಯವರೆಗೆ ಆ ಹೆಸರುಗಳನ್ನು ಮರೆಯದಿರುವ ವರವನ್ನು ಅವರು ನಮಗೆ ಕರುಣಿಸಲಿ. ನಮ್ಮನ್ನು ಅಗಲಿದ ಸಮಸ್ತರಿಗೂ ನಿತ್ಯ ವಿಶ್ರಾಂತಿ ದೊರೆಯಲಿ. ಆಮೆನ್.